ಮಗು ಗಿಟಾರ್ ಹಿಡಿದು ಹಾಡಲಿದೆ, ಯಾವ ಹಾಡು ಆರಿಸೋಣ? – ಪದೇ ಪದೇ ಕೇಳುವ ಪ್ರಶ್ನೆಗಳು

ಗೃಹಪ್ರವೇಶ, ಹುಟ್ಟುಹಬ್ಬ, ಲೇಔಟ್‌ನ ಗಣೇಶೋತ್ಸವ, ನವೆಂಬರ್‌ನ ರಾಜ್ಯೋತ್ಸವ ಹತ್ತಿರ ಬಂತೆಂದರೆ ಸಾಕು, ನನ್ನ ಹತ್ತಿರ ಗಿಟಾರ್ ಕಲಿಯುವ ಮಕ್ಕಳ ಮನೆಯವರು ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಎಂಟರಿಂದ ಹದಿನಾರು ವರ್ಷದ ಮಗು, ಕೈಯಲ್ಲಿ ಒಂದು ಗಿಟಾರ್, ಕರೋಕೆ ಇಲ್ಲ, ಎದುರಿಗೆ ನೆಂಟರು ಮತ್ತು ನೆರೆಯವರು. ಇಂಥ ಸಂದರ್ಭವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ಮೊದಲ ಸಲ ಹಾಡುವ ಮಗುವಿಗೆ ಒಂದೇ ಒಂದು ಹಾಡು ಹೇಳಿ ಅಂದರೆ ಯಾವುದು ಹೇಳುತ್ತೀರಿ?

ಶಿಶುನಾಳ ಶರೀಫರ 'ಕೋಡಗನ ಕೋಳಿ ನುಂಗಿತ್ತಾ'. ಯೋಚನೆ ಮಾಡದೆ ಹೇಳುತ್ತೇನೆ.

ಈ ಹಾಡಿನಲ್ಲಿ ಕೋಳಿ ಕೋತಿಯನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಮಕ್ಕಳಿಗೆ ಇದು ಕುಣಿಯುವಷ್ಟು ಖುಷಿ ಕೊಡುತ್ತದೆ. ಹಾಡಿನ ಕೊನೆಗೆ ಗೋವಿಂದ ಗುರುವಿನ ಹೆಸರು ಬಂದಾಗ ಹಿರಿಯರು ತಲೆದೂಗುತ್ತಾರೆ. ಒಂದೇ ಹಾಡು ಎರಡೂ ಕಡೆಯವರಿಗೆ ಸಲ್ಲುತ್ತದೆ. ಇನ್ನೂ ಮುಖ್ಯವಾದದ್ದು, ಪ್ರತಿ ನುಡಿ ಮುಗಿದ ಮೇಲೂ 'ನೋಡವ್ವ ತಂಗಿ' ಅನ್ನುವ ಸಾಲಿಗೇ ಬಂದು ನಿಲ್ಲುತ್ತದೆ. ಆ ಸಾಲನ್ನು ಸಭೆಗೆ ಬಿಟ್ಟುಕೊಡಬಹುದು. ಮಗು 'ಕೋಡಗನ ಕೋಳಿ ನುಂಗಿತ್ತಾ' ಅಂದು ಕೈ ಮುಂದೆ ಮಾಡಿದರೆ ಮುಂದಿನ ಸಾಲಿನ ಕುರ್ಚಿಗಳಿಂದಲೇ 'ನೋಡವ್ವ ತಂಗಿ' ಕೇಳಿಸುತ್ತದೆ. ಅಷ್ಟರಲ್ಲಿ ಮಗುವಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹುಡುಕಲು ಸಮಯ ಸಿಕ್ಕಿರುತ್ತದೆ.

ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಇವತ್ತು ನಮ್ಮ ಬಾಯಲ್ಲಿರುವ ಅವರ ಹಾಡುಗಳ ದಾಟಿ ಹೆಚ್ಚಾಗಿ ಸಿ. ಅಶ್ವಥ್ ಅವರದು. ಆಮೇಲೆ ರಘು ದೀಕ್ಷಿತ್ 'ಗುಡುಗುಡಿಯಾ ಸೇದಿ ನೋಡೋ', 'ಲೋಕದ ಕಾಳಜಿ' ಹಾಡುಗಳನ್ನು ಗಿಟಾರ್ ಜೊತೆ ಹಾಡಿದರು. ಹಾಗಾಗಿ ಶರೀಫರ ಪದಕ್ಕೆ ಗಿಟಾರ್ ಹಿಡಿದರೆ ಈಗ ಯಾರಿಗೂ ಹೊಸದೆನಿಸುವುದಿಲ್ಲ.

ಜನಕ್ಕೆ ಹಿಡಿಸುವ ಹಾಡು ಅಂತ ಮೊದಲೇ ಗೊತ್ತಾಗುವುದು ಹೇಗೆ?

ನನ್ನ ಪರೀಕ್ಷೆ ಸರಳ. ಮನೆಯಲ್ಲಿ ಅಜ್ಜಿಯ ಮುಂದೆ ಪಲ್ಲವಿಯ ಮೊದಲ ಸಾಲು ಹಾಡಿ ನಿಲ್ಲಿಸಿ. ಅವರು ಎರಡನೇ ಸಾಲು ಹಾಡಿದರೆ ಅರ್ಧ ಗೆದ್ದಂತೆ. ಅದೇ ಸಾಲನ್ನು ಪಕ್ಕದ ಮನೆಯ ಕಾಲೇಜು ಹುಡುಗನ ಮುಂದೆ ಹಾಡಿ. ಅವನೂ ಮುಂದುವರಿಸಿದರೆ ಆ ಹಾಡನ್ನು ಬಿಡಬೇಡಿ.

ಮಗುವಿಗೆ ಆ ಹಾಡು ಇಷ್ಟ ಇರಬೇಕು, ಅದು ಬೇರೆ ಮಾತು. ಆದರೆ ಸಭೆ ಬಾಯಿ ಬಿಡದ ಹಾಡನ್ನು ಒಂಟಿ ಗಿಟಾರ್‌ನಲ್ಲಿ ಹೊತ್ತು ಸಾಗಿಸುವುದು ಹತ್ತು ವರ್ಷದ ಮಗುವಿಗೆ ಭಾರ. ಸಿನಿಮಾದಲ್ಲಿ ಆ ಹಾಡಿನ ಹಿಂದೆ ಪಿಟೀಲು, ಕೊಳಲು, ಡ್ರಮ್ಸ್ ಎಲ್ಲಾ ಇರುತ್ತವೆ. ನಿಮ್ಮ ಹಾಲ್‌ನಲ್ಲಿ ಅವುಗಳ ಜಾಗವನ್ನು ತುಂಬುವುದು ಕೂತವರ ದನಿ ಮತ್ತು ಚಪ್ಪಾಳೆ.

ಮಗುವಿಗೆ ನಾಲ್ಕೇ ಕಾರ್ಡ್ ಬರುತ್ತವೆ. ಸಾಕಾ?

ಧಾರಾಳ ಸಾಕು. ಜಿ, ಸಿ, ಡಿ, ಇ ಮೈನರ್ ಬಂದರೆ ಎಷ್ಟೋ ಹಾಡುಗಳನ್ನು ಸರಳ ಮಾಡಿ ನುಡಿಸಬಹುದು. ಜೊತೆಗೆ ಎ ಮೈನರ್ ಕಲಿತರೆ ಇನ್ನೂ ಒಳ್ಳೆಯದು. ಎಫ್ ಮತ್ತು ಬಿ ಮೈನರ್‌ಗೆ ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತಬೇಕು. ಸಣ್ಣ ಕೈಗೆ ಅದು ಕಷ್ಟ. ಕಾರ್ಯಕ್ರಮ ಹತ್ತಿರ ಇರುವಾಗ ಅದನ್ನು ಕಲಿಸಲು ಹೋಗಬೇಡಿ, ಅವು ಬೇಡದ ಶ್ರುತಿ ಆರಿಸಿಕೊಳ್ಳಿ.

ಇಂಟರ್ನೆಟ್‌ನಲ್ಲಿ ಸಿಗುವ ಕಾರ್ಡ್‌ಗಳಲ್ಲಿ ಒಂದೇ ಸಾಲಿಗೆ ಆರೇಳು ಬದಲಾವಣೆ ಬರೆದಿರುತ್ತಾರೆ. ಅಷ್ಟೂ ಬೇಕಿಲ್ಲ. ಸಾಲಿನ ಆರಂಭದಲ್ಲಿ ಮತ್ತು ಕೊನೆಯಲ್ಲಿ ಬರುವ ಕಾರ್ಡ್ ಸರಿಯಾಗಿದ್ದರೆ, ನಡುವೆ ಬರುವ ಸಣ್ಣ ಪುಟ್ಟ ಬದಲಾವಣೆ ಬಿಟ್ಟರೂ ಕೇಳುವವರಿಗೆ ಕೊರತೆ ಕಾಣುವುದಿಲ್ಲ. ತಾಳ ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಹಾಡನ್ನು ಮೂಲ ಶ್ರುತಿಯಲ್ಲೇ ಹಾಡಬೇಕಾ?

ಬೇಡವೇ ಬೇಡ. ಮಕ್ಕಳ ಹಾಡು ಕೆಡುವುದು ಹೆಚ್ಚಾಗಿ ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

'ಮುಂಗಾರು ಮಳೆ'ಯ (2006) 'ಅನಿಸುತಿದೆ ಯಾಕೋ ಇಂದು' ಎಲ್ಲರಿಗೂ ಗೊತ್ತಿರುವ ಹಾಡು. ಜಯಂತ ಕಾಯ್ಕಿಣಿ ಬರೆದದ್ದು, ಮನೋ ಮೂರ್ತಿ ಸಂಗೀತ, ಸೋನು ನಿಗಮ್ ದನಿ. ಅದರ ಶ್ರುತಿ ದೊಡ್ಡ ಗಂಡಸಿನ ಗಂಟಲಿಗೆ ಹೊಂದಿಸಿದ್ದು. ಹತ್ತು ವರ್ಷದ ಮಗು ಅದೇ ಶ್ರುತಿಯಲ್ಲಿ ಹಾಡಲು ಹೋದರೆ ಕೆಳಗಿನ ಸ್ವರಗಳು ದನಿಯೇ ಇಲ್ಲದಂತೆ ಹೋಗುತ್ತವೆ. ಒಂದು ಸ್ಥಾಯಿ ಮೇಲೆ ಎತ್ತಿಕೊಂಡರೆ ಚರಣದಲ್ಲಿ ಕಿರುಚಬೇಕಾಗುತ್ತದೆ. ಗಂಡಸರು ಹಾಡಿದ ಹಾಡನ್ನು ಮಗುವಿಗೆ ಹೊಂದಿಸುವಾಗ ಸಾಮಾನ್ಯವಾಗಿ ನಾಲ್ಕೈದು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಗಿಟಾರ್ ಕುತ್ತಿಗೆಯ ಮೇಲೆ ಲೋಹದ ಪಟ್ಟಿಗಳಿಂದ ಭಾಗ ಮಾಡಿದ ಒಂದೊಂದು ಮನೆ) ಸರಿಸಬೇಕಾಗುತ್ತದೆ. ಎಸ್. ಜಾನಕಿ, ಅನನ್ಯ ಭಟ್ ಅವರಂಥ ಗಾಯಕಿಯರ ಹಾಡುಗಳು ಮಕ್ಕಳ ದನಿಗೆ ಹೆಚ್ಚು ಹತ್ತಿರ.

ಶ್ರುತಿ ಹುಡುಕುವುದು ಹೀಗೆ. ಮೊದಲು ಗಿಟಾರ್ ಬದಿಗಿಡಿ. ಹಾಡಿನಲ್ಲಿ ಎಲ್ಲಕ್ಕಿಂತ ಮೇಲೆ ಹೋಗುವ ಸಾಲು ಯಾವುದು ನೋಡಿ, ಅದು ಹೆಚ್ಚಾಗಿ ಚರಣದಲ್ಲಿರುತ್ತದೆ. ಮಗು ಆ ಸಾಲನ್ನು ಕುತ್ತಿಗೆ ಬಿಗಿಯದೆ, ನಗುತ್ತಾ ಹಾಡುವ ಜಾಗ ಹುಡುಕಿ. ಆಮೇಲೆ ಅದೇ ಶ್ರುತಿಯಲ್ಲಿ ಪಲ್ಲವಿಯ ಕೆಳಗಿನ ಸಾಲು ಕೇಳಿಸುತ್ತದಾ ನೋಡಿ. ಎರಡೂ ಸರಿಯಾದರೆ ಅದೇ ನಿಮ್ಮ ಶ್ರುತಿ. ಈಗ ಕ್ಯಾಪೊ, ಅಂದರೆ ಕುತ್ತಿಗೆಯ ಮೇಲೆ ಎಲ್ಲ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿ. ಒಂದೊಂದು ಫ್ರೆಟ್ ಮೇಲೆ ಹೋದಂತೆ ಶ್ರುತಿ ಅರ್ಧ ಸ್ವರ ಏರುತ್ತದೆ. ಎರಡನೇ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ ಜಿ ಹಿಡಿದರೆ ಎ ಕೇಳಿಸುತ್ತದೆ, ನಾಲ್ಕನೆಯದರಲ್ಲಿ ಬಿ. ಬೆರಳಿನ ಆಕಾರ ಬದಲಾಗುವುದಿಲ್ಲ. ಆರನೇ ಫ್ರೆಟ್ ದಾಟಿದರೆ ಗಿಟಾರ್ ದನಿ ತೆಳುವಾಗುತ್ತದೆ, ಆಗ ಜಿ ಬಿಟ್ಟು ಸಿ ಆಕಾರಗಳಲ್ಲಿ ಪ್ರಯತ್ನಿಸಿ.

ಕ್ಯಾಪೊ ಹಾಕಿದ ಮೇಲೆ ತಂತಿಗಳನ್ನು ಮತ್ತೊಮ್ಮೆ ಟ್ಯೂನ್ ಮಾಡಬೇಕು. ಒತ್ತಡಕ್ಕೆ ಸ್ವಲ್ಪ ಮೇಲೆ ಹೋಗಿರುತ್ತವೆ.

ಮಗನಿಗೆ ಹದಿಮೂರು ವರ್ಷ, ದನಿ ಒಡೆಯುತ್ತಿದೆ. ಹಾಡಿಸಬಹುದಾ?

ಹಾಡಿಸಿ. ಆದರೆ ಸ್ವರಗಳು ತುಂಬಾ ಮೇಲೆ ಕೆಳಗೆ ಓಡಾಡದ ಹಾಡು ಕೊಡಿ. ಜಾನಪದದಲ್ಲಿ ಅಂಥವು ಬೇಕಾದಷ್ಟಿವೆ. ತಿಂಗಳ ಹಿಂದೆ ಸರಿಯಾಗಿದ್ದ ಶ್ರುತಿ ಈಗ ಸರಿ ಇರಲಿಕ್ಕಿಲ್ಲ, ಅದಕ್ಕೆ ಕಾರ್ಯಕ್ರಮದ ವಾರ ಮತ್ತೆ ನೋಡಿಕೊಳ್ಳಿ. ದನಿ ಒಡೆದಾಗ ಮನೆಯವರು ನಗಬಾರದು. ಆ ವಯಸ್ಸಿನಲ್ಲಿ ಒಂದು ನಗು ಸಾಕು, ಹುಡುಗರು ಹಾಡುವುದನ್ನೇ ಬಿಟ್ಟುಬಿಡುತ್ತಾರೆ.

ಹಳೆಯ ಸಿನಿಮಾ ಹಾಡು ಒಳ್ಳೆಯದಾ, ಹೊಸದಾ?

ಎರಡು ಹಾಡಿಗೆ ಅವಕಾಶ ಇದ್ದರೆ ಒಂದು ಹಳೆಯದು, ಒಂದು ಹೊಸದು. ಒಂದೇ ಆದರೆ ಹಳೆಯದು. ಚಿಕ್ಕ ಮಗು ಹಳೆಯ ಹಾಡು ಹಾಡಿದರೆ ಹಿರಿಯರಿಗೆ ಆಗುವ ಸಂತೋಷವೇ ಬೇರೆ. ಕಿರಿಯರಿಗೂ ಆ ಹಾಡು ಮನೆಯಲ್ಲಿ ಕೇಳಿ ಗೊತ್ತಿರುತ್ತದೆ. ಈಚೆಗೆ ಬಂದ ಹಾಡು ಹಿರಿಯರಿಗೆ ಗೊತ್ತಿರಬೇಕೆಂದೇನಿಲ್ಲ.

ಇಳಯರಾಜಾ ಅವರ ಕನ್ನಡ ಹಾಡುಗಳನ್ನು ನಾನು ಮೊದಲು ಹುಡುಕುತ್ತೇನೆ. 'ಗೀತಾ' (1981) ಸಿನಿಮಾದ 'ಸಂತೋಷಕ್ಕೆ ಹಾಡು ಸಂತೋಷಕ್ಕೆ' ಚಪ್ಪಾಳೆಗೆಂದೇ ಹುಟ್ಟಿದ ಹಾಗಿದೆ. ಎಸ್‌ಪಿಬಿ ಹಾಡಿದ್ದು. ಮಗು ಬರೀ ತಾಳ ಹಿಡಿದು ಸ್ಟ್ರಮ್ ಮಾಡಿದರೂ (ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿದರೂ) ಹಾಲ್ ಎದ್ದು ಕೂರುತ್ತದೆ. ಅದೇ ಸಿನಿಮಾದ 'ಜೊತೆಯಲಿ ಜೊತೆ ಜೊತೆಯಲಿ' ಇಬ್ಬರು ಹಾಡುವ ಹಾಡು, ಅಕ್ಕ ತಂಗಿ ಸಾಲು ಹಂಚಿಕೊಂಡು ಹಾಡಬಹುದು. ಇನ್ನೂ ಹಿಂದಕ್ಕೆ ಹೋದರೆ 'ಬಯಲು ದಾರಿ'ಯ (1976) 'ಬಾನಲ್ಲು ನೀನೆ ಭುವಿಯಲ್ಲು ನೀನೆ' ಇದೆ. ರಾಜನ್-ನಾಗೇಂದ್ರ ಸಂಗೀತ, ಜಾನಕಿ ಹಾಡಿದ್ದು. ಇಂಪಾದ ಹಾಡು, ಆದರೆ ದನಿ ಪಳಗಿರಬೇಕು.

ಹೊಸದರಲ್ಲಿ 'ಕಿರಿಕ್ ಪಾರ್ಟಿ'ಯ (2016) 'ಬೆಳಗೆದ್ದು ಯಾರ ಮುಖವ' ಹೈಸ್ಕೂಲ್ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ. 'ಕಾಂತಾರ'ದ (2022) 'ಸಿಂಗಾರ ಸಿರಿಯೆ' ಎಲ್ಲರ ಬಾಯಲ್ಲಿದೆ, ಆದರೆ ಅದರ ಪದಗಳನ್ನು ನುಂಗದೆ ಹಾಡಲು ಅಭ್ಯಾಸ ಜಾಸ್ತಿ ಬೇಕು.

ಜಾನಪದ, ಭಾವಗೀತೆ, ದಾಸರ ಪದ ಇವೆಲ್ಲ ಗಿಟಾರ್‌ಗೆ ಒಗ್ಗುತ್ತವಾ?

ಜಾನಪದ ತುಂಬಾ ಚೆನ್ನಾಗಿ ಒಗ್ಗುತ್ತದೆ. 'ಚೆಲ್ಲಿದರು ಮಲ್ಲಿಗೆಯಾ', 'ನಿಂಬಿಯಾ ಬನಾದ ಮ್ಯಾಗಳ', 'ಮಾಯದಂಥ ಮಳೆ ಬಂತಣ್ಣ' ಇವು ಗುಂಪಿನಲ್ಲಿ ಹಾಡಲೆಂದೇ ಬಂದ ಪದಗಳು. ಒಬ್ಬರು ಹೇಳುವುದು, ಉಳಿದವರು ದನಿಗೂಡಿಸುವುದು. ಎರಡು ಮೂರು ಕಾರ್ಡ್‌ನಲ್ಲಿ ಮುಗಿಯುತ್ತದೆ.

'ಸೋಜುಗಾದ ಸೂಜಿಮಲ್ಲಿಗೆ' ಸ್ವಲ್ಪ ಬೇರೆ. ಅದು ಮಾದಪ್ಪನ ಮೇಲಿನ ಪದ. 'ಗರುಡ ಗಮನ ವೃಷಭ ವಾಹನ' (2021) ಸಿನಿಮಾದಲ್ಲಿ ಬಂದ ಮೇಲೆ ಕಾಲೇಜು ಹುಡುಗರೂ ಹಾಡುತ್ತಾರೆ. ಅದಕ್ಕೆ ಜೋರು ಸ್ಟ್ರಮ್ಮಿಂಗ್ ಹಾಕಿದರೆ ಹಾಡೇ ಹಾಳಾಗುತ್ತದೆ. ತಂಬೂರಿ ಮೀಟಿದಂತೆ ಸ-ಪ ಎರಡೇ ಸ್ವರದ ತಂತಿಗಳನ್ನು ನಿಧಾನವಾಗಿ ಮೀಟುತ್ತಾ ಹಾಡಬೇಕು. ದಾಸರ ಪದಗಳಿಗೂ ಇದೇ ದಾರಿ. ಕಾರ್ಡ್‌ನಲ್ಲಿ ಸ-ಪ ನಡುವೆ ಬರುವ ಗ ಸ್ವರ ಎಷ್ಟೋ ಸಲ ರಾಗದ ಜೊತೆ ಜಗಳವಾಡುತ್ತದೆ. ಸ-ಪ ಮಾತ್ರ ನುಡಿಸಿದರೆ ಆ ತೊಂದರೆ ಇಲ್ಲ. 'ಭಾಗ್ಯದ ಲಕ್ಷ್ಮಿ ಬಾರಮ್ಮ'ವನ್ನು ಹೀಗೆ ಹಾಡಿದ ಮಕ್ಕಳನ್ನು ಕೇಳಿದ್ದೇನೆ, ತುಂಬಾ ಹಿತವಾಗಿರುತ್ತದೆ.

ಭಾವಗೀತೆಗಳಲ್ಲಿ ನಿಸಾರ್ ಅಹಮದ್ ಅವರ 'ಜೋಗದ ಸಿರಿ ಬೆಳಕಿನಲ್ಲಿ' ನನ್ನ ಮೊದಲ ಆಯ್ಕೆ. ಮೈಸೂರು ಅನಂತಸ್ವಾಮಿ ಅವರ ದಾಟಿ, 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್‌ನಲ್ಲಿ ಬಂತು. 'ನಿತ್ಯೋತ್ಸವ ತಾಯಿ ನಿತ್ಯೋತ್ಸವ' ಅನ್ನುವ ಸಾಲಿಗೆ ಇಡೀ ಸಭೆ ಸೇರಿಕೊಳ್ಳುತ್ತದೆ. ಕುವೆಂಪು ಅವರ 'ದೋಣಿ ಸಾಗಲಿ ಮುಂದೆ ಹೋಗಲಿ' ಚಿಕ್ಕ ಮಕ್ಕಳಿಗೂ ಬರುತ್ತದೆ. ಅಡಿಗರ 'ಯಾವ ಮೋಹನ ಮುರಳಿ ಕರೆಯಿತು' ಹದಿನೈದು ಹದಿನಾರರ ಮೇಲಿನವರಿಗೆ ಇರಲಿ. ಅದರ ಪದಗಳ ತೂಕ ಗೊತ್ತಾಗದೆ ಹಾಡಿದರೆ ಬರೀ ದಾಟಿ ಉಳಿಯುತ್ತದೆ.

ಯಾವ ಸಂದರ್ಭಕ್ಕೆ ಯಾವ ಹಾಡು?

ರಾಜ್ಯೋತ್ಸವಕ್ಕೆ 'ನಿತ್ಯೋತ್ಸವ' ಇದ್ದೇ ಇದೆ. 'ಆಕಸ್ಮಿಕ'ದ (1993) 'ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು' ಹಾಡಿದರಂತೂ ಮೈಕ್ ಆಫ್ ಆದರೂ ಚಿಂತೆ ಇಲ್ಲ, ಜನ ಮುಂದುವರಿಸುತ್ತಾರೆ. ಹಂಸಲೇಖ ಬರೆದು ಸಂಗೀತ ಕೊಟ್ಟ, ರಾಜ್‌ಕುಮಾರ್ ಹಾಡಿದ ಹಾಡು ಅದು. 'ಗಂಧದ ಗುಡಿ'ಯ (1973) 'ನಾವಾಡುವ ನುಡಿಯೇ ಕನ್ನಡ ನುಡಿ' ಸ್ವಲ್ಪ ನಿಧಾನದ ಹಾಡು, ಪುಟ್ಟ ಮಕ್ಕಳಿಗೆ ಅದೇ ಸುಲಭ.

ನಾಡಗೀತೆಯನ್ನು ಮಾತ್ರ ಗಿಟಾರ್ ಸ್ಟೈಲಿಗೆ ತಿರುಗಿಸಬೇಡಿ. ಅನಂತಸ್ವಾಮಿ ಅವರ ದಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ನಿಗದಿ ಮಾಡಿದೆ. ಎಲ್ಲರೂ ಎದ್ದು ನಿಂತು ಅದೇ ದಾಟಿಯಲ್ಲಿ ಹಾಡಲಿ, ಮಗುವಿನ ಹಾಡು ಆಮೇಲೆ ಬರಲಿ.

ಗೃಹಪ್ರವೇಶಕ್ಕೆ, ನಾಮಕರಣಕ್ಕೆ ದಾಸರ ಪದ ಅಥವಾ ಜಾನಪದ. ಮದುವೆ ರಿಸೆಪ್ಷನ್‌ಗೆ 'ಮಿಲನ'ದ (2007) 'ನಿನ್ನಿಂದಲೇ'. ಹುಟ್ಟುಹಬ್ಬಕ್ಕೆ ಏನೇ ಹಾಡಿದರೂ ಕೇಕ್ ಕತ್ತರಿಸುವಾಗ 'ಹ್ಯಾಪಿ ಬರ್ತ್‌ಡೇ' ನುಡಿಸು ಅಂತ ಕೇಳಿಯೇ ಕೇಳುತ್ತಾರೆ. ಮೂರೇ ಕಾರ್ಡ್, ಆದರೆ ತಾಳ ಮೂರರದು. ನಾಲ್ಕರ ತಾಳಕ್ಕೆ ಒಗ್ಗಿದ ಕೈ ಅಲ್ಲಿ ತಡವರಿಸುತ್ತದೆ, ಮೊದಲೇ ನುಡಿಸಿ ನೋಡಿಕೊಂಡಿರಲಿ.

ಯಾವ ಹಾಡು ಬೇಡ?

ಕುಡಿತದ ಹಾಡು ಬೇಡ. ಜನ ನಗುತ್ತಾರೆ, ಶಿಳ್ಳೆ ಹೊಡೆಯುತ್ತಾರೆ, ಮಗು ಅದನ್ನೇ ಮೆಚ್ಚುಗೆ ಅಂದುಕೊಳ್ಳುತ್ತದೆ. ಅದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಅರ್ಥ ಕೇಳಿದರೆ ಅಪ್ಪ ಅಮ್ಮನಿಗೆ ಹೇಳಲು ಮುಜುಗರ ಆಗುವ ಹಾಡೂ ಬೇಡ.

ಶುಭ ಸಮಾರಂಭಕ್ಕೆ ಅಗಲಿಕೆಯ ಹಾಡು ಹೊಂದುವುದಿಲ್ಲ. 'ರಾಜಕುಮಾರ'ದ (2017) 'ಬೊಂಬೆ ಹೇಳುತೈತೆ' ಬಗ್ಗೆ ಸ್ವಲ್ಪ ಯೋಚಿಸಿ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲೆ ಆ ಹಾಡು ಕೇಳಿದರೆ ಎಷ್ಟೋ ಜನರ ಕಣ್ಣು ತುಂಬುತ್ತದೆ. ಅಪ್ಪು ನೆನಪಿನ ಕಾರ್ಯಕ್ರಮಕ್ಕೆ ಅದಕ್ಕಿಂತ ಒಳ್ಳೆಯ ಹಾಡಿಲ್ಲ. ಹುಟ್ಟುಹಬ್ಬದಲ್ಲಿ ಹಾಡಿದರೆ ಸಭೆ ಇದ್ದಕ್ಕಿದ್ದಂತೆ ಮೌನವಾಗಬಹುದು, ಮಗುವಿಗೆ ಕಾರಣ ಗೊತ್ತಾಗದೆ ಗಾಬರಿಯಾಗುತ್ತದೆ.

ಬೀಟ್ ಮೇಲೆಯೇ ನಿಂತ ಕುಣಿತದ ಹಾಡುಗಳನ್ನೂ ಬಿಡಿ. ಡ್ರಮ್ಸ್ ತೆಗೆದರೆ ಅವುಗಳಲ್ಲಿ ಹಾಡಲು ಹೆಚ್ಚೇನೂ ಉಳಿಯುವುದಿಲ್ಲ.

ಮಗಳು ಇಂಗ್ಲಿಷ್ ಅಥವಾ ಹಿಂದಿ ಹಾಡೇ ಬೇಕು ಅನ್ನುತ್ತಾಳೆ. ಏನು ಮಾಡಲಿ?

ಹಾಡಲಿ ಬಿಡಿ. ಅವಳ ಆಯ್ಕೆಗೂ ಬೆಲೆ ಇರಬೇಕು ಅಲ್ವಾ? ಒಂದು ಅವಳದು, ಒಂದು ಸಭೆಯದು ಅಂತ ಮಾತಾಡಿಕೊಳ್ಳಿ. ಬೆನ್ ಇ. ಕಿಂಗ್ ಅವರ 'ಸ್ಟ್ಯಾಂಡ್ ಬೈ ಮಿ' (1961) ಕಲಿಯುವವರಿಗೆ ಅಚ್ಚುಮೆಚ್ಚು. ಜಿ, ಇ ಮೈನರ್, ಸಿ, ಡಿ ಇಷ್ಟೇ ಕಾರ್ಡ್ ಮೊದಲಿಂದ ಕೊನೆಯವರೆಗೆ ಸುತ್ತುತ್ತವೆ. ಹಿಂದಿಯಲ್ಲಿ 'ಕಯಾಮತ್ ಸೆ ಕಯಾಮತ್ ತಕ್' (1988) ಸಿನಿಮಾದ 'ಪಾಪಾ ಕೆಹತೇ ಹೈ'. ಕಾಲೇಜು ಸಮಾರಂಭದಲ್ಲಿ ಹುಡುಗನೊಬ್ಬ ಗಿಟಾರ್ ಹಿಡಿದು ಹಾಡುವ ಹಾಡೇ ಅದು.

ಹೊರದೇಶದ ಕನ್ನಡ ಕೂಟಗಳಲ್ಲಿ ಇದರ ಉಲ್ಟಾ ತೊಂದರೆ. ಮಗುವಿಗೆ ಕನ್ನಡ ಓದಲು ಬರುವುದಿಲ್ಲ, ಅಪ್ಪ ಅಮ್ಮನಿಗೆ ಕನ್ನಡ ಹಾಡೇ ಬೇಕು. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರೆ ಳ, ಣ, ಠ ಎಲ್ಲಾ ಮಾಯ. ಸಾಲು ಸಾಲಾಗಿ ಅಜ್ಜಿಯಿಂದಲೋ ಅಮ್ಮನಿಂದಲೋ ಕೇಳಿಸಿಕೊಂಡು ಬಾಯಿಪಾಠ ಮಾಡಿಸಿ. ಒಂದೇ ಪಲ್ಲವಿ ಸ್ಪಷ್ಟವಾಗಿ ಬಂದರೂ ಸಾಕು.

ಆರು ವರ್ಷದ ಮಗು ಇದೆ, ಗಿಟಾರ್ ಕೈಗೆ ಸಿಗುವುದಿಲ್ಲ.

ದೊಡ್ಡವರು ನುಡಿಸಲಿ, ಮಗು ಹಾಡಲಿ. ಜಿ.ಪಿ. ರಾಜರತ್ನಂ ಅವರ 'ಬಣ್ಣದ ತಗಡಿನ ತುತ್ತೂರಿ' ಬಾರದ ಕನ್ನಡಿಗರು ಕಡಿಮೆ.

ಮಗುವೇ ನುಡಿಸಬೇಕೆಂದರೆ ಯುಕುಲೇಲೆ ಕೊಡಿ. ನಾಲ್ಕೇ ತಂತಿ, ನೈಲಾನ್, ಬೆರಳು ನೋಯುವುದು ಕಡಿಮೆ. ಸಿ ಮತ್ತು ಎ ಮೈನರ್‌ಗೆ ಒಂದೊಂದೇ ಬೆರಳು ಸಾಕು. ಗಿಟಾರ್‌ನಲ್ಲಿ ಕಾಡುವ ಎಫ್ ಇಲ್ಲಿ ಎರಡೇ ಬೆರಳು.

ಹಾಡಲು ನಾಚಿಕೆ, ನುಡಿಸಲು ಮಾತ್ರ ಇಷ್ಟ ಅಂದರೆ?

ಬಲವಂತ ಮಾಡಬೇಡಿ. ಮಣಿರತ್ನಂ ಅವರ ಮೊದಲ ಸಿನಿಮಾ 'ಪಲ್ಲವಿ ಅನುಪಲ್ಲವಿ' (1983) ಕನ್ನಡದ್ದು, ಸಂಗೀತ ಇಳಯರಾಜಾ. ಅದರ ಹಿನ್ನೆಲೆ ಸಂಗೀತದ ಎಳೆಯೊಂದನ್ನು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಬಳಸಿದ್ದರು, ಹಾಗಾಗಿ ಸಿನಿಮಾ ನೋಡದವರಿಗೂ ಗೊತ್ತು. ಆ ಎಳೆಯನ್ನು ಒಂದೊಂದೇ ತಂತಿಯಲ್ಲಿ ನುಡಿಸಿ, ಅಲ್ಲಿಂದ 'ನಗುವಾ ನಯನಾ' ಪಲ್ಲವಿಗೆ ಹೋದರೆ ಸಭೆಯೇ ಹಾಡುತ್ತದೆ.

ಹಾಡು ಎಷ್ಟು ಉದ್ದ ಇರಬೇಕು?

ಮೂರು ನಿಮಿಷ. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ ಎರಡು ಸಲ. ಚರಣಗಳ ನಡುವಿನ ವಾದ್ಯದ ಭಾಗ ಪೂರ್ತಿ ಬಿಟ್ಟುಬಿಡಿ, ಒಂದು ಸುತ್ತು ಕಾರ್ಡ್ ನುಡಿಸಿ ನೇರ ಚರಣಕ್ಕೆ ಹೋಗಿ.

ಅಭ್ಯಾಸದಲ್ಲಿ ಏನಕ್ಕೆ ಗಮನ ಕೊಡಬೇಕು?

ಚಪ್ಪಾಳೆಗೆ. ಜನ ಚಪ್ಪಾಳೆ ಹಾಕುತ್ತಾ ಹಾಕುತ್ತಾ ವೇಗ ಏರಿಸುತ್ತಾರೆ, ಮಗು ಅದರ ಹಿಂದೆ ಓಡುತ್ತದೆ, ಎರಡನೇ ಪಲ್ಲವಿಗೆ ಪದಗಳು ಬಾಯಿಗೆ ಸಿಗುವುದಿಲ್ಲ. ಮನೆಯವರೆಲ್ಲ ಕೂತು ಬೇಕೆಂದೇ ತಪ್ಪು ವೇಗದಲ್ಲಿ ಚಪ್ಪಾಳೆ ಹಾಕಿ. ಮಗು ತನ್ನ ಕಾಲಿನ ತಾಳ ಬಿಡದೆ ಹಾಡುವುದನ್ನು ಕಲಿಯುತ್ತದೆ.

ಪದಗಳನ್ನು ಮೊಬೈಲ್‌ನಲ್ಲಿ ನೋಡಿಕೊಂಡು ಹಾಡುವುದು ಬೇಡ, ಅದರ ಪರದೆ ಆಫ್ ಆಗುತ್ತದೆ, ಕರೆ ಬರುತ್ತದೆ. ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ ಎದುರಿಗಿರಲಿ. ನಡುವೆ ಕಾರ್ಡ್ ತಪ್ಪಿದರೆ ಬಲಗೈ ನಿಲ್ಲಿಸಬಾರದು ಅಂತ ಮೊದಲ ದಿನದಿಂದಲೇ ಹೇಳಿಕೊಡಿ. ಹೊಸ ತಂತಿ ಹಾಕುವುದಿದ್ದರೆ ನಾಲ್ಕು ದಿನ ಮೊದಲು ಹಾಕಿ. ಹೊಸ ತಂತಿ ಎಳೆದುಕೊಳ್ಳುತ್ತಲೇ ಇರುತ್ತದೆ, ಶ್ರುತಿ ನಿಲ್ಲುವುದಿಲ್ಲ.

ಮೈಕ್ ಬೇಕಾ?

ಮನೆಯ ಹಾಲ್‌ಗೆ ಬೇಡ. ಪೆಂಡಾಲ್, ಸಭಾಂಗಣಕ್ಕೆ ಎರಡು ಬೇಕು, ಒಂದು ಬಾಯಿಗೆ, ಒಂದು ಗಿಟಾರ್‌ಗೆ. ಗಿಟಾರ್ ಮೈಕನ್ನು ನಡುವಿನ ತೂತಿನ ಎದುರು ಇಟ್ಟರೆ ದನಿ ಗುಮ್ಮೆನ್ನುತ್ತದೆ. ಕುತ್ತಿಗೆ ಮತ್ತು ಡಬ್ಬ ಸೇರುವ ಕಡೆ, ಹನ್ನೆರಡನೇ ಫ್ರೆಟ್ ಹತ್ತಿರ, ಗೇಣು ದೂರದಲ್ಲಿಡಿ. ಬಯಲಿನ ಕಾರ್ಯಕ್ರಮವಾದರೆ ಮಗುವಿನ ಸರದಿ ಬೇಗ ಇಡಿಸಿ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಅಷ್ಟು ಹೊತ್ತಿಗೆ ಮಕ್ಕಳಿಗೂ ನಿದ್ದೆ ಬಂದಿರುತ್ತದೆ.

ವಿಡಿಯೋ ಮಾಡಿ ಯೂಟ್ಯೂಬ್‌ಗೆ ಹಾಕಬಹುದಾ? ಕಾಪಿರೈಟ್ ತೊಂದರೆ ಬರುತ್ತದಾ?

ಮದುವೆ ಸಮಾರಂಭದಲ್ಲಿ, ಧಾರ್ಮಿಕ ಆಚರಣೆಯಲ್ಲಿ ಹಾಡುವುದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಇಂಟರ್ನೆಟ್‌ಗೆ ಹಾಕುವುದು ಬೇರೆ ವಿಷಯ, ಅಲ್ಲಿ ಹಕ್ಕುದಾರರು ಕ್ಲೇಮ್ ಮಾಡಬಹುದು. ಕವಿ ತೀರಿಕೊಂಡು 60 ವರ್ಷದವರೆಗೆ ಪದಗಳಿಗೆ ಹಕ್ಕು ಇರುತ್ತದೆ. ಶರೀಫರ ಪದಗಳು ಎಲ್ಲರವೂ ಹೌದು, ಆದರೆ ಅದಕ್ಕೆ ನಮ್ಮ ಕಾಲದವರು ಕಟ್ಟಿದ ದಾಟಿಗೆ ಹಕ್ಕು ಬೇರೆ. ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿ, ಅಷ್ಟರಲ್ಲೇ ಮಗುವಿಗೆ ಬೇಕಾದ ಮೆಚ್ಚುಗೆ ಸಿಗುತ್ತದೆ.

ಹಾಡು ಮುಗಿದ ಮೇಲೆ 'ಇನ್ನೊಂದು, ಇನ್ನೊಂದು' ಅಂದರೆ?

ಒಂದು ಸಿದ್ಧ ಇಟ್ಟುಕೊಂಡಿರಿ, ಅದು ಮೊದಲ ಹಾಡಿಗಿಂತ ಸುಲಭದ್ದಾಗಿರಲಿ. 'ದೋಣಿ ಸಾಗಲಿ' ಇದಕ್ಕೆ ಒಳ್ಳೆಯದು, ಮೊದಲ ಹಾಡಿನ ಶ್ರುತಿಯಲ್ಲೇ ಹೊಂದಿಸಿಕೊಂಡಿದ್ದರೆ ಕ್ಯಾಪೊ ತೆಗೆದು ಹಾಕುವ ಗಡಿಬಿಡಿ ಇರುವುದಿಲ್ಲ. ಅದಾದ ಮೇಲೂ ಒತ್ತಾಯ ಬಂದರೆ ಮಗುವಿನ ಮುಖ ನೋಡಿ. ಸಾಕಾಗಿದೆ ಅನಿಸಿದರೆ ದೊಡ್ಡವರು ಯಾರಾದರೂ ಎದ್ದು ಗಿಟಾರ್ ಕೈಗೆ ತೆಗೆದುಕೊಂಡು, ಮುಂದಿನವರ ಹೆಸರು ಕೂಗಲಿ.